ತೆರಿಗೆ ಯಾರದು?

1789ರ ಫ್ರೆಂಚ್ ಕ್ರಾಂತಿಗೆ ವರ್ಸೇಲ್ಸ್ ಅರಮನೆಯ ದುಂದುವೆಚ್ಚವೇ ಕಾರಣವೆಂಬ ಮಾತು ರೂಢಿಯಲ್ಲಿದೆ. 1788ರ ಆಯವ್ಯಯದ ಲೆಕ್ಕ ಬೇರೆಯದನ್ನೇ ಹೇಳುತ್ತದೆ. ಒಟ್ಟು ವೆಚ್ಚದಲ್ಲಿ ಅರಮನೆಯ ಪಾಲು ಸುಮಾರು ಶೇಕಡಾ 6. ಸಾಲ ಮತ್ತು ಬಡ್ಡಿಯ ಪಾಲು ಸುಮಾರು ಅರ್ಧ. ಅಮೆರಿಕದ ಸ್ವಾತಂತ್ರ್ಯ ಸಮರಕ್ಕೆ ಫ್ರಾನ್ಸ್ ಒದಗಿಸಿದ ನೆರವು ಬಹುಮಟ್ಟಿಗೆ ಸಾಲದ ಹಣದ್ದೇ ಆಗಿತ್ತು.

ಸಾಲದ ಹೊರೆ ಇಂಗ್ಲೆಂಡಿನ ಮೇಲೂ ಇತ್ತು. ಆದರೆ ಅಲ್ಲಿನ ತೆರಿಗೆಗೆ ಸಂಸತ್ತಿನ ಒಪ್ಪಿಗೆಯಿತ್ತು; ಕುಲೀನ ಭೂಮಾಲೀಕರೂ ಭೂಕಂದಾಯ ತೆರುತ್ತಿದ್ದರು. ಫ್ರಾನ್ಸಿನಲ್ಲಾದರೋ 'ತಾಯ್' ಎಂಬ ನೇರ ತೆರಿಗೆಯಿಂದ ಪಾದ್ರಿಗಳೂ ಕುಲೀನರೂ ಬಹುತೇಕ ಮುಕ್ತರು. ಅದರ ಭಾರವನ್ನು ಹೊತ್ತವನು ರೈತ. ಅನೇಕ ಪ್ರಾಂತ್ಯಗಳಲ್ಲಿ ಅವನ ಗಂಜಿಯ ಉಪ್ಪಿಗೂ ಭಾರಿ ಸುಂಕ.

1787ರಲ್ಲಿ ಹಣಕಾಸಿನ ಹೊಣೆ ಹೊತ್ತಿದ್ದ ಕಲೋನ್, ಯಾರಿಗೂ ವಿನಾಯಿತಿಯಿಲ್ಲದ ಭೂತೆರಿಗೆಯನ್ನು ಸೂಚಿಸಿದ. ಗಣ್ಯರ ಸಭೆ ಒಪ್ಪಲಿಲ್ಲ; ಅವನು ಅಧಿಕಾರ ಕಳೆದುಕೊಂಡ. 1788ರ ಆಗಸ್ಟ್‌ನಲ್ಲಿ ಬೊಕ್ಕಸ ತನ್ನ ಪಾವತಿಗಳನ್ನು ಭಾಗಶಃ ತಡೆಹಿಡಿಯಿತು. 1614ರ ಬಳಿಕ ಸೇರದಿದ್ದ ಎಸ್ಟೇಟ್ಸ್ ಜನರಲ್ ಸಭೆಯನ್ನು ಕರೆಯದೆ ಹದಿನಾರನೆಯ ಲೂಯಿಗೆ ಗತ್ಯಂತರವಿರಲಿಲ್ಲ. ಅದೇ ಜುಲೈನ ಆಲಿಕಲ್ಲು ಮಳೆ ಬೆಳೆಯನ್ನು ನಾಶಮಾಡಿತ್ತು. ಮುಂದಿನ ಬೇಸಿಗೆಯ ಹೊತ್ತಿಗೆ ಪ್ಯಾರಿಸ್ಸಿನ ಕೂಲಿಕಾರನ ದುಡಿಮೆಯ ಬಹುಪಾಲು ಬ್ರೆಡ್ಡಿಗೇ ಸಲ್ಲುತ್ತಿತ್ತು.

1789ರ ಜೂನ್ 17ರಂದು ಮೂರನೆಯ ವರ್ಗದ ಪ್ರತಿನಿಧಿಗಳು ತಮ್ಮನ್ನು ರಾಷ್ಟ್ರೀಯ ಸಭೆಯೆಂದು ಘೋಷಿಸಿಕೊಂಡರು. ಅಂದೇ ಅವರು ಜನರ ಒಪ್ಪಿಗೆಯಿಲ್ಲದ ತೆರಿಗೆಗಳೆಲ್ಲ ಅಕ್ರಮವೆಂದು ಸಾರಿದರು. ತಮ್ಮ ಸಭೆ ನಡೆಯುವವರೆಗೆ ಮಾತ್ರ ಅವುಗಳ ವಸೂಲಿಗೆ ಅನುಮತಿಯಿತ್ತರು. ಬ್ಯಾಸ್ಟಿಲ್ ಕೋಟೆ ಬೀಳಲು ಇನ್ನೂ 27 ದಿನಗಳಿದ್ದವು. ತೆರಿಗೆ ವಿಧಿಸುವ ಹಕ್ಕು ಮಾತ್ರ ಅಂದೇ ಅರಸನ ಕೈತಪ್ಪಿತ್ತು. ಉಳ್ಳವರು ಕೊಡಲೊಪ್ಪದ, ಇಲ್ಲದವರು ಕೊಡಲಾಗದ ರಾಜ್ಯದಲ್ಲಿ ಸಿಂಹಾಸನಕ್ಕೆ ಆಧಾರವೇ ಉಳಿದಿರಲಿಲ್ಲ.