ಊರಿನಲ್ಲಿದ್ದುಕೊಂಡೇ ಅರಸಿನ ಊಳಿಗ

ಉದ್ಯೋಗವನ್ನರಸಿ ಮನೆಮಠಗಳನ್ನು ಬಿಟ್ಟು ಪಟ್ಟಣವನ್ನು ಸೇರುವುದೇ ಲೋಕರೂಢಿಯೆಂದು ಬಹುಜನರು ಭಾವಿಸಿರುವರು. 2020ನೆಯ ಇಸವಿಯ ಮಾರ್ಚಿ ತಿಂಗಳಲ್ಲಿ ಕೋವಿಡ್ ಮಹಾಮಾರಿಯ ದೆಸೆಯಿಂದ ದೇಶವೆಲ್ಲವೂ ಬಾಗಿಲು ಮುಚ್ಚಿತು. ಆಗ ಬೆಂಗಳೂರಿನ ಕಂಪ್ಯೂಟರ್ ಕಚೇರಿಗಳ ನೌಕರರು ಅನೇಕರು ತಮ್ಮ ತಮ್ಮ ಊರುಗಳಿಗೆ ಹಿಂದಿರುಗಿ, ಅಲ್ಲಿಂದಲೇ ಕೆಲಸವನ್ನು ಸಾಗಿಸಿದರು. ಇದನ್ನು ಕಂಡು, ಹಿಂದೆಂದೂ ಕಂಡು ಕೇಳದ ನೂತನ ಪದ್ಧತಿಯೆಂದು ಆಶ್ಚರ್ಯಪಟ್ಟವರುಂಟು. ಆದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡವೆಂಬ ನಾಲ್ಕು ತಾಲ್ಲೂಕುಗಳ ಪೂರ್ವಚರಿತ್ರೆಯನ್ನು ಅವಲೋಕಿಸುವವರಿಗೆ ಇದು ಹೊಸದಾಗಿ ತೋರದು. ಧಣಿಯು ಬಹುದೂರದ ರಾಜಧಾನಿಯಲ್ಲಿ, ಊಳಿಗದವನು ತನ್ನ ಮನೆಯ ಜಗಲಿಯಲ್ಲಿ. ನಡುವೆ ಹೋಗಿಬರುವುದು ಬರೆದ ಲೆಕ್ಕವೊಂದೇ. ಇಂತಹ ಏರ್ಪಾಡು ಈ ಸೀಮೆಯಲ್ಲಿ ಅನೇಕ ಶತಮಾನಗಳ ಕಾಲ ನಡೆಯಿತು. ಅದು ಹೇಗೆ ನಡೆಯಿತು, ಎಲ್ಲಿ ಮುರಿಯಿತು ಎಂಬುದನ್ನು ಅರಿತರೆ ಇಂದಿನ ಪ್ರಶ್ನೆಗೂ ಬೆಳಕು ದೊರೆಯುವುದು.

ಆ ಊಳಿಗದವನೆಂದರೆ ಗ್ರಾಮದ ಶಾನುಭೋಗನು. ಪ್ರತಿಯೊಂದು ಗ್ರಾಮದಲ್ಲಿಯೂ ಹನ್ನೆರಡು ಮಂದಿ ಆಯಗಾರರಿರುವುದು ಪೂರ್ವಕಾಲದ ಸಂಪ್ರದಾಯ. ಗೌಡ, ಶಾನುಭೋಗ, ತಳವಾರ, ತೋಟಿ, ನೀರುಗಂಟಿ, ಕಮ್ಮಾರ, ಬಡಗಿ, ಕುಂಬಾರ, ಅಗಸ ಮೊದಲಾದವರು ಆ ಗುಂಪಿನವರು. ಕಣದಲ್ಲಿ ರಾಶಿಯನ್ನು ಅಳೆಯುವಾಗಲೇ ಇವರ ಪಾಲಿನ ಆಯವು ಇವರಿಗೆ ಸಲ್ಲುತ್ತಿದ್ದಿತು. ಕೆಲವರಿಗೆ ಇನಾಮು ಭೂಮಿಯೂ ಉಂಟು. ಇವರ ಪೈಕಿ ಶಾನುಭೋಗನ ಕೆಲಸವು ಲೆಕ್ಕ. ಯಾವ ಹೊಲ ಯಾರದು, ಎಷ್ಟು ಬಿತ್ತಿದರು, ಎಷ್ಟು ಬೆಳೆಯಿತು, ಕಂದಾಯವೆಷ್ಟು ಸಂದಿತು, ಎಷ್ಟು ಬಾಕಿ ನಿಂತಿತು ಎಂಬುದೆಲ್ಲವನ್ನೂ ಅವನು ಕಡತದಲ್ಲಿ ಬರೆದಿಡುತ್ತಿದ್ದನು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಲಿನ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದುದೇ ಕಡತ. ಅದರ ಮೇಲೆ ಬಳಪದಿಂದ ಬರೆಯುವುದು ವಾಡಿಕೆ. ಕಡತವು ಇರುತ್ತಿದ್ದುದು ಸಾಧಾರಣವಾಗಿ ಶಾನುಭೋಗನ ಮನೆಯಲ್ಲಿ. ಮನೆಯೇ ಕಚೇರಿ, ಜಗಲಿಯೇ ಚಾವಡಿ.

ಇನ್ನು ಈ ಲೆಕ್ಕವು ಯಾರಿಗಾಗಿ ಬರೆಯಲ್ಪಡುತ್ತಿದ್ದಿತು ಎಂಬುದನ್ನು ನೋಡಬೇಕು. ಶಿರೆಯು 1638ರಲ್ಲಿ ರಣದುಲ್ಲಾಖಾನನ ದಂಡಯಾತ್ರೆಯಿಂದ ಬಿಜಾಪುರದ ಪಾಲಾಯಿತು. ಬಿಜಾಪುರವೇ ಮೊಗಲರ ಕೈಸೇರಿದ ತರುವಾಯ, 1687ರಲ್ಲಿ ಶಿರೆಯು ಮೊಗಲ್ ಸುಭೆಯೊಂದರ ಮುಖ್ಯಸ್ಥಳವಾಯಿತು. ಬಸವಾಪಟ್ಟಣ, ಬೂದಿಹಾಳು, ಪೆನುಗೊಂಡೆ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರಗಳ ಪರಗಣೆಗಳು ಅದಕ್ಕೆ ಸೇರಿದುವು. 1757ರಲ್ಲಿ ಮರಾಠರು, 1761ರಲ್ಲಿ ಹೈದರನು, 1766ರಲ್ಲಿ ಮರಳಿ ಮರಾಠರು, 1774ರಲ್ಲಿ ಟಿಪ್ಪುವು, ಹೀಗೆ ಅದು ಕೈಯಿಂದ ಕೈಗೆ ಬಿದ್ದಿತು. ಮಧುಗಿರಿಯ ದುರ್ಗವು 1678ರಷ್ಟು ಹಿಂದೆಯೇ ಮೈಸೂರಿನವರ ವಶವಾಗಿದ್ದಿತು. ಕೊರಟಗೆರೆ, ಪಾವಗಡಗಳಲ್ಲಿ ಪಾಳೆಯಗಾರರು ಆಳಿ ಅಳಿದರು. ಮೇಲಿನ ಕಚೇರಿಗಳಲ್ಲಿ ಪಾರಸಿ, ಮರಾಠಿಗಳು ಬಂದು ಹೋದುವು. ಕೆಳಗೆ ಗ್ರಾಮದಲ್ಲಿ ಮಾತ್ರ ಕಡತವು ಊರಿನ ಮಾತಿನಲ್ಲಿಯೇ ಮುಂದುವರಿಯಿತು. ಬಂದ ಅರಸನು ಯಾರೇ ಆಗಲಿ, ಶಾನುಭೋಗನ ಮನೆಯ ಕಡತವಿಲ್ಲದೆ ಅವನಿಗೆ ಕಾಸೂ ದೊರೆಯುತ್ತಿರಲಿಲ್ಲ.

ಊಳಿಗದವನು ಊರಿನಲ್ಲಿಯೇ ನಿಂತುದರ ಮೊದಲನೆಯ ಪ್ರಯೋಜನವು ಇದು: ರಾಜ್ಯಗಳು ಬಿದ್ದರೂ ಲೆಕ್ಕವು ಬೀಳಲಿಲ್ಲ. ಎರಡನೆಯದು, ಅವನಿಗೆ ಹೊಲಗಳ ಗುರುತು ಅಂಗೈಗೆರೆಯಂತೆ ತಿಳಿದಿದ್ದಿತು; ಮಳೆ ಬಾರದ ವರ್ಷದಲ್ಲಿ ಯಾವ ಕೆರೆ ಬತ್ತಿತೆಂಬುದನ್ನು ಅವನು ಯಾರನ್ನೂ ಕೇಳಬೇಕಾಗಿರಲಿಲ್ಲ. ಮೂರನೆಯದು, ಅವನ ಓದುಬರಹವೂ ಅವನ ಸಂಪಾದನೆಯೂ ಊರಿನಲ್ಲಿಯೇ ಉಳಿದುವು.

ಆದರೆ ಕಣ್ಣಿಗೆ ಕಾಣದಷ್ಟು ದೂರದಲ್ಲಿರುವ ಊಳಿಗದವನನ್ನು ಧಣಿಯು ಹಿಡಿದು ನಿಲ್ಲಿಸುವುದು ಹೇಗೆ? ಇದು ಬಹು ಹಳೆಯ ಪ್ರಶ್ನೆ. ಮೈಸೂರಿನ ಪ್ರಾಚ್ಯಪುಸ್ತಕಾಲಯದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೇ ಇದರ ವಿಚಾರವುಂಟು. ದೇಶದ ನಾನಾ ಕಡೆಗಳ ಲೆಕ್ಕದವರು ವರ್ಷಕ್ಕೊಮ್ಮೆ ಆಷಾಢಮಾಸದಲ್ಲಿ ಮುದ್ರೆಯೊತ್ತಿದ ಪುಸ್ತಕಗಳೊಡನೆ ಬಂದು ಲೆಕ್ಕವನ್ನೊಪ್ಪಿಸಬೇಕೆಂದು ಅಲ್ಲಿ ವಿಧಿಸಿದೆ. ದಿನದಿನವೂ ಬೆನ್ನ ಹಿಂದೆ ನಿಲ್ಲುವುದಕ್ಕೆ ಬದಲಾಗಿ, ಗೊತ್ತಾದ ಕಾಲದಲ್ಲಿ ಮುಖಾಮುಖಿಯಾಗಿ ಕುಳಿತು ಲೆಕ್ಕವನ್ನು ಪರಿಶೋಧಿಸುವುದು ಅದರ ಕ್ರಮ.

ಮೈಸೂರಿನಲ್ಲಿ ಈ ವಿಷಯವನ್ನು ಬಹಳವಾಗಿ ಆಲೋಚಿಸಿದವನು ಚಿಕ್ಕದೇವರಾಜ ಒಡೆಯನು. 1673ರಿಂದ 1704ರ ವರೆಗೆ ಆಳಿದ ಈ ದೊರೆಯು ಔರಂಗಜೇಬನ ಬಳಿಗೆ ನಿಯೋಗವನ್ನು ಕಳುಹಿಸಿ, ಅದು ಹಿಂದಿರುಗಿದ ಮೇಲೆ ರಾಜ್ಯದ ಕಾರ್ಯಗಳನ್ನು ಹದಿನೆಂಟು ಇಲಾಖೆಗಳಾಗಿ ವಿಂಗಡಿಸಿದನು. ಅದೇ ಅಠಾರಾ ಕಚೇರಿಯೆಂದು ಪ್ರಸಿದ್ಧವಾದುದು. ರಾಜ್ಯದಲ್ಲೆಲ್ಲ ಅಂಚೆಯನ್ನು ಸ್ಥಾಪಿಸಿದ ಕೀರ್ತಿಯೂ ಅವನದೇ. ಆದರೆ ಅಂಚೆಯು ಕಾಗದಗಳನ್ನು ಸಾಗಿಸುವುದರೊಡನೆ ಸುದ್ದಿಯನ್ನು ಕದ್ದು ತಿಳಿಸುವ ಉಪಕರಣವೂ ಆಗಿದ್ದಿತೆಂದು ಇತಿಹಾಸಕಾರನಾದ ವಿಲ್ಕ್ಸನು ಬರೆದಿರುವನು. ದೂರದ ನೌಕರನೊಡನೆ ಮಾತನಾಡುವ ದಾರಿಯೂ ಅವನ ಮೇಲೆ ಕಣ್ಣಿಡುವ ದಾರಿಯೂ ಒಂದೇ ಆಗಿದ್ದುದನ್ನು ವಾಚಕರು ಗಮನಿಸಬೇಕು. ಆ ಅಂಚೆಯು 1889ರಲ್ಲಿ ಭಾರತದ ತಪಾಲು ಇಲಾಖೆಯಲ್ಲಿ ಲೀನವಾಯಿತು. ಆದರೆ ಆ ದ್ವಂದ್ವವು ಇಂದಿಗೂ ಲೀನವಾಗಿಲ್ಲ.

ಈ ಏರ್ಪಾಡು ಕೆಟ್ಟುದಕ್ಕೆ ಎರಡು ನಿದರ್ಶನಗಳು ಸಾಕು. ಮೊದಲನೆಯದು ಶಿರೆಯದೇ. ದಿಲಾವರಖಾನನ ಆಳಿಕೆಯಲ್ಲಿ ಶಿರೆಯು ಅತ್ಯಂತ ಉನ್ನತಸ್ಥಿತಿಯಲ್ಲಿದ್ದು, ಐವತ್ತು ಸಾವಿರ ಮನೆಗಳ ಪಟ್ಟಣವಾಗಿದ್ದಿತೆಂದು ಹೇಳುವರು. ಅವನ ಅರಮನೆಯ ಮಾದರಿಯಲ್ಲಿಯೇ ಬೆಂಗಳೂರು, ಶ್ರೀರಂಗಪಟ್ಟಣಗಳ ಅರಮನೆಗಳು ಕಟ್ಟಲ್ಪಟ್ಟುವೆಂಬ ಪ್ರತೀತಿಯುಂಟು. ಟಿಪ್ಪುವು ಶ್ರೀರಂಗಪಟ್ಟಣದ ದ್ವೀಪದಲ್ಲಿ ಶಹರ್ ಗಂಜಾಮೆಂಬ ಹೊಸ ಪೇಟೆಯನ್ನು ತುಂಬುವುದಕ್ಕಾಗಿ ಶಿರೆಯಿಂದ ಹನ್ನೆರಡು ಸಾವಿರ ಕುಟುಂಬಗಳನ್ನು ಬಲವಂತದಿಂದ ಎಬ್ಬಿಸಿಕೊಂಡು ಹೋದನೆಂದು ರೈಸ್ ಸಾಹೇಬರ ಗ್ಯಾಸೆಟಿಯರು ಹೇಳುವುದು. ದುಡಿಯುವವರು ಧಣಿಯ ಕಣ್ಣೆದುರಿನಲ್ಲಿದ್ದರೆ ದುಡಿಮೆ ಹೆಚ್ಚುವುದೆಂಬುದೇ ಇಂತಹ ಕಾರ್ಯಗಳ ಹಿಂದಿನ ನಂಬಿಕೆ. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದಿತು. ರಾಜಧಾನಿಯು ಮೈಸೂರಿಗೆ ಹೋಯಿತು. ದ್ವೀಪದ ಜನಸಂಖ್ಯೆಯು ಕರಗಿತು. ಶಿರೆಯಾದರೋ ಮರಳಿ ತುಂಬಲಿಲ್ಲ. ಕಿತ್ತ ಗಿಡವು ನೆಟ್ಟಲ್ಲಿಯೂ ನಿಲ್ಲಲಿಲ್ಲ, ಕಿತ್ತ ಪಾತಿಯೂ ಬರಿದಾಯಿತು.

ಎರಡನೆಯ ನಿದರ್ಶನವು ಷರತ್ತು ಪದ್ಧತಿಯದು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ದಿವಾನ್ ಪೂರ್ಣಯ್ಯನವರು ಅಧಿಕಾರವನ್ನು ಬಿಟ್ಟ ಅನಂತರ, ತಾಲ್ಲೂಕಿನ ಅಮಲ್ದಾರನು ಇಂತಿಷ್ಟು ಹಣವನ್ನು ವಸೂಲುಮಾಡಿಯೇ ತೀರಬೇಕೆಂದು ಕರಾರು ಬರೆದುಕೊಡುವ ಕ್ರಮವು ಬಂದಿತು. ಹೆಚ್ಚು ಬಂದರೆ ಸರ್ಕಾರಕ್ಕೆ. ಕಡಮೆ ಬಂದರೆ ಅಮಲ್ದಾರನ ಕೈಯಿಂದ. ದೂರದ ಧಣಿಗೆ ಇದಕ್ಕಿಂತ ಸುಲಭವಾದ ಉಪಾಯವಿಲ್ಲ. ಮಳೆಯನ್ನು ವಿಚಾರಿಸಬೇಕಾಗಿಲ್ಲ, ರೈತನ ಮುಖವನ್ನು ನೋಡಬೇಕಾಗಿಲ್ಲ. ಅಂಕಿಯೊಂದನ್ನು ಕೇಳಿದರೆ ಸಾಕು. ಆ ಅಂಕಿಯ ಭಾರವು ಅಮಲ್ದಾರನಿಂದ ಶಾನುಭೋಗನ ಮೇಲೆ, ಶಾನುಭೋಗನಿಂದ ರೈತನ ಮೇಲೆ ಇಳಿಯಿತು. ನಗರ ಸೀಮೆಯ ರೈತರು 1830ರಲ್ಲಿ ದಂಗೆಯೆದ್ದುದಕ್ಕೂ, 1831ರಲ್ಲಿ ರಾಜ್ಯಾಡಳಿತವು ಇಂಗ್ಲಿಷರ ಕೈಗೆ ಹೋದುದಕ್ಕೂ ಈ ಷರತ್ತು ಒಂದು ಮುಖ್ಯ ಕಾರಣವಾಯಿತು.

ಅನಂತರದ ಕಮಿಷನರುಗಳ ಆಡಳಿತದಲ್ಲಿ ವರ್ಷಕ್ಕೊಮ್ಮೆ ಜಮಾಬಂದಿಯು ಕ್ರಮವಾಗಿ ನಡೆಯತೊಡಗಿತು. ಅಧಿಕಾರಿಯೇ ಸ್ಥಳಕ್ಕೆ ಬಂದು ಲೆಕ್ಕವನ್ನು ಪರಿಶೀಲಿಸುವನು. ರೈತನು ಎದುರಿಗೆ ನಿಂತು ತನ್ನ ಅಹವಾಲನ್ನು ಹೇಳುವನು. ಶಾನುಭೋಗನು ವರ್ಷವೆಲ್ಲ ಒಂಟಿಯಾಗಿ ಬರೆದುದಕ್ಕೆ ಆ ದಿನ ಒಬ್ಬ ಓದುಗನು ದೊರೆಯುತ್ತಿದ್ದನು. 1863ರಿಂದ ಆರಂಭವಾದ ಸರ್ವೆ ಬಂದೋಬಸ್ತಿನಿಂದ ಹೊಲಗಳಿಗೆ ನಂಬರು ಬಿದ್ದಿತು. ಗ್ರಾಮಾಧಿಕಾರಿಗಳಿಗೆ ಪೋಟಗಿಯೆಂಬ ನಗದು ಸಂಭಾವನೆಯೂ ಗೊತ್ತಾಯಿತು.

ಹೀಗೆಂದ ಮಾತ್ರಕ್ಕೆ ಆ ಕಾಲವೆಲ್ಲವೂ ಸತ್ಯಯುಗವೆಂದು ತಿಳಿಯಲಾಗದು. ಶಾನುಭೋಗಿಕೆಯು ವಂಶಪಾರಂಪರ್ಯವಾಗಿದ್ದಿತು, ಬಹುಮಟ್ಟಿಗೆ ಒಂದೇ ವರ್ಗದವರ ಸೊತ್ತಾಗಿದ್ದಿತು. ಓದು ಬಾರದ ರೈತನಿಗೆ ಕಡತದಲ್ಲಿ ಬರೆದುದು ಸತ್ಯವೋ ಅಸತ್ಯವೋ ತಿಳಿಯುವ ದಾರಿಯಿರಲಿಲ್ಲ. ದೂರದ ಧಣಿಗೆ ಕಾಣದ ಕಡತವು ಹತ್ತಿರದ ಬಡವನಿಗೂ ಕಾಣದಿದ್ದಾಗ ಅನ್ಯಾಯಕ್ಕೆ ಎಡೆಯಾಗದಿರುವುದು ಹೇಗೆ? ಆದುದರಿಂದ 1961ರಲ್ಲಿ ಗ್ರಾಮಾಧಿಕಾರಗಳ ರದ್ದತಿಯ ಶಾಸನವು ಹುಟ್ಟಿ, 1963ನೆಯ ಫೆಬ್ರವರಿ 1ರಿಂದ ಜಾರಿಗೆ ಬಂದುದು ನ್ಯಾಯವೇ ಸರಿ. ಸಂಬಳದ ಗ್ರಾಮಲೆಕ್ಕಿಗರು ಆ ಸ್ಥಾನಕ್ಕೆ ಬಂದರು. ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಭೂಮಿ ಯೋಜನೆಯಿಂದ ಪಹಣಿಗಳು ಕಂಪ್ಯೂಟರನ್ನು ಸೇರಿದುವು. ರೈತನು ತನ್ನ ಹೊಲದ ಲೆಕ್ಕವನ್ನು ತಾನೇ ಪಡೆಯುವಂತಾಯಿತು.

ಲೆಕ್ಕದವನಲ್ಲದೆ ಮನೆಯಲ್ಲಿದ್ದುಕೊಂಡು ದೂರದವರಿಗಾಗಿ ದುಡಿದವನು ಮತ್ತೊಬ್ಬನುಂಟು, ಅವನು ನೇಯ್ಗೆಯವನು. ಪಾವಗಡ ತಾಲ್ಲೂಕಿನ ವೈ. ಎನ್. ಹೊಸಕೋಟೆಯು ರೇಷ್ಮೆ ಸೀರೆಗಳಿಗೆ ಹೆಸರಾದ ಊರು. ಮನೆಯೊಳಗೇ ಮಗ್ಗ, ಹೆಂಗಸರೂ ಮುದುಕರೂ ಕೈಗೂಡಿಸಬಹುದು, ಬಾಡಿಗೆಯಿಲ್ಲ, ಪಯಣವಿಲ್ಲ. ಆದರೆ ನೂಲನ್ನೂ ಮುಂಗಡವನ್ನೂ ಕೊಡುವ ಸಾಹುಕಾರನು ಬೇರೆಯಾದಾಗ, ಮುಂಗಡವು ತೀರುವ ತನಕ ನೇಯ್ಗೆಯವನು ಅವನು ಹೇಳಿದ ಕೂಲಿಗೇ ನೇಯಬೇಕಾಗುವುದು ಎಲ್ಲ ದೇಶಗಳ ಮಗ್ಗದವರ ಅನುಭವ. ಮನೆಯಲ್ಲಿರುವ ಮಾತ್ರಕ್ಕೆ ದುಡಿಯುವವನು ಸ್ವತಂತ್ರನಾಗನು. ಪಾಲು ನ್ಯಾಯವಾಗಿದ್ದರೆ ಮಾತ್ರ ಮನೆಯು ಮನೆ.

ಈಗಿನ ಕಾಲದ ಪರೀಕ್ಷೆಗಳೂ ಇದನ್ನೇ ಸಾರುತ್ತಿವೆ. ಚೀನಾ ದೇಶದ ಶಾಂಘೈ ನಗರದ ಸಿಟ್ರಿಪ್ ಎಂಬ ಕಂಪನಿಯು 2010-11ರಲ್ಲಿ, ಒಪ್ಪಿ ಮುಂದೆ ಬಂದ ನೌಕರರಲ್ಲಿ ಕೆಲವರನ್ನು ಒಂಬತ್ತು ತಿಂಗಳ ಕಾಲ ವಾರಕ್ಕೆ ನಾಲ್ಕು ದಿನ ಮನೆಯಿಂದ ಕೆಲಸ ಮಾಡಗೊಟ್ಟಿತು. ನಿಕೋಲಸ್ ಬ್ಲೂಮ್ ಮೊದಲಾದ ವಿದ್ವಾಂಸರು ಅದನ್ನು ಪರಿಶೋಧಿಸಿ 2015ರಲ್ಲಿ ಪ್ರಕಟಿಸಿದರು. ಅವರ ಕೆಲಸವು ನೂರಕ್ಕೆ 13ರಷ್ಟು ಹೆಚ್ಚಿತು; ಕೆಲಸ ಬಿಟ್ಟು ಹೋಗುವವರು ಅರ್ಧದಷ್ಟು ಕಡಮೆಯಾದರು. ಆದರೆ ಅನೇಕರು ಒಂಟಿತನವನ್ನು ತಾಳಲಾರದೆ ಮರಳಿ ಕಚೇರಿಯನ್ನೇ ಬೇಡಿದರು. ಮಾಡಿದ ಕೆಲಸಕ್ಕೆ ತಕ್ಕ ಬಡತಿಯೂ ಮನೆಯಲ್ಲಿದ್ದವರಿಗೆ ದೊರೆಯಲಿಲ್ಲ. ಕಣ್ಣಿಗೆ ಕಾಣದವನು ಮನಸ್ಸಿನಿಂದಲೂ ಮರೆಯಾದನೆಂಬುದೇ ಇದರ ಅರ್ಥ. ಅದೇ ಕಂಪನಿಯಲ್ಲಿ ವಾರಕ್ಕೆ ಎರಡು ದಿನ ಮಾತ್ರ ಮನೆ, ಉಳಿದ ದಿನ ಕಚೇರಿ ಎಂದು ನಡೆಸಿದ ಮತ್ತೊಂದು ಪರೀಕ್ಷೆಯ ಫಲವು 2024ರಲ್ಲಿ ಹೊರಬಂದಿತು. ಅಲ್ಲಿ ಕೆಲಸ ಬಿಡುವವರ ಸಂಖ್ಯೆ ಮೂರರಲ್ಲಿ ಒಂದು ಪಾಲು ಇಳಿದು, ಬಡತಿಗೆ ಭಂಗವೂ ತೋರಲಿಲ್ಲ. ಗೊತ್ತಾದ ದಿನ ಮುಖಾಮುಖಿ, ಉಳಿದ ದಿನ ಸ್ವಸ್ಥಾನ ಎಂಬ ಜಮಾಬಂದಿಯ ತತ್ತ್ವವೇ ಇಲ್ಲಿ ಬೇರೆ ವೇಷದಲ್ಲಿ ಕಾಣುವುದು.

ಷರತ್ತಿನ ನೆರಳೂ ಮಾಯವಾಗಿಲ್ಲ. ಶಾನುಭೋಗನ ಸ್ಥಾನದಲ್ಲಿ ಇಂದು ಇರುವ ಗ್ರಾಮ ಆಡಳಿತಾಧಿಕಾರಿಗಳು 2024ರ ಸೆಪ್ಟೆಂಬರಿನಲ್ಲಿ ರಾಜ್ಯದಲ್ಲೆಲ್ಲ ಮುಷ್ಕರ ಹೂಡಿದರು. ಸಂಚಾರಿ ದೂರವಾಣಿಯ ನಾನಾ ಆ್ಯಪುಗಳ ಮೂಲಕ ಒಂದರ ಮೇಲೊಂದಾಗಿ ಬರುವ ಕೆಲಸದ ಹೊರೆಯೂ, ಅದಕ್ಕೆ ಬೇಕಾದ ಸಲಕರಣೆ ಸೌಕರ್ಯಗಳ ಕೊರತೆಯೂ ಅವರ ಮುಖ್ಯವಾದ ಅಹವಾಲು. ಅಂಚೆಯ ಓಟದವನು ತಂದ ನಿರೂಪವು ಈಗ ಕ್ಷಣಮಾತ್ರದಲ್ಲಿ ಅಂಗೈಗೆ ಬರುವುದು. ಅಂಕಿಯೂ ಕ್ಷಣಮಾತ್ರದಲ್ಲಿ ಮೇಲೇರುವುದು. ಆದರೆ ಅಂಕಿಯೊಡನೆ ಅಹವಾಲೂ ಮೇಲೇರುವುದೋ ಎಂಬುದೇ ಅಂದಿನ ಪ್ರಶ್ನೆ, ಇಂದಿನ ಪ್ರಶ್ನೆಯೂ ಅದೇ.

ಈ ನಾಲ್ಕು ತಾಲ್ಲೂಕುಗಳಲ್ಲಿ ಮಳೆ ಕಡಮೆ. ಓದಿದ ಮಕ್ಕಳು ಊರು ಬಿಡುವುದು ಹೆಚ್ಚು. ಅವರಲ್ಲಿ ಕೆಲವರಾದರೂ ಊರಿನಲ್ಲಿದ್ದುಕೊಂಡೇ ದೂರದ ಧಣಿಗೆ ದುಡಿಯುವಂತಾದರೆ ಮನೆಗಳ ಬೀಗ ತೆಗೆಯುವುದು, ಮುದಿ ತಂದೆತಾಯಿಗಳಿಗೆ ಆಸರೆಯಾಗುವುದು, ಸಂಪಾದನೆಯು ಊರಿನ ಅಂಗಡಿಯಲ್ಲಿ ಸಲ್ಲುವುದು. ಅದಕ್ಕೆ ಬೇಕಾದುದು ಮೂರು: ಕಣದಲ್ಲಿಯೇ ಅಳೆದುಕೊಡುವಂತೆ ತಪ್ಪದ ಪಾಲು, ವರ್ಷದ ಗೊತ್ತಾದ ಕಾಲಗಳಲ್ಲಿ ಮುಖ ನೋಡಿ ಮಾತನಾಡುವ ಜಮಾಬಂದಿ, ದುಡಿದವನೂ ಓದಬಹುದಾದ ಬಿಚ್ಚು ಕಡತ. ಇವು ಮೂರೂ ಇದ್ದ ಕಡೆ ಧಣಿಯು ಎಷ್ಟೇ ದೂರದಲ್ಲಿದ್ದರೂ ಊಳಿಗವು ನಡೆಯಿತು. ಇವು ತಪ್ಪಿದಲ್ಲಿ, ಹನ್ನೆರಡು ಸಾವಿರ ಕುಟುಂಬಗಳನ್ನು ಅರಮನೆಯ ಮಗ್ಗುಲಿಗೆ ತಂದು ಇಳಿಸಿದರೂ ನಿಲ್ಲಲಿಲ್ಲ.