ರಾಷ್ಟ್ರೀಯ ನಾಟಕ ಶಾಲೆಯೂ ನಟಶಿಕ್ಷಣದ ಭಾಷೆಯೂ

ವೃತ್ತಿನಾಟಕ ಮಂಡಲಿಗಳ ಕಾಲದಲ್ಲಿ ನಟನಾಗಬಯಸುವವನಿಗೆ ಮಂಡಲಿಯೇ ಪಾಠಶಾಲೆಯಾಗಿದ್ದಿತು. ಬಾಲಪಾತ್ರಗಳನ್ನು ಧರಿಸುತ್ತ, ಹಿರಿಯರ ಅಭಿನಯವನ್ನು ನೋಡುತ್ತ, ಹಾರ್ಮೋನಿಯಂ ಶ್ರುತಿಗೆ ಕಂಠವನ್ನು ಹೊಂದಿಸುತ್ತ ಅವನು ವಿದ್ಯೆಯನ್ನು ಪಡೆಯುತ್ತಿದ್ದನು. ಇದಕ್ಕೆ ಲಿಖಿತವಾದ ಪಠ್ಯಕ್ರಮವಿರಲಿಲ್ಲ. ಆದರೆ ಈ ವಿದ್ಯೆಯು ಪ್ರೇಕ್ಷಕರ ಭಾಷೆಯಿಂದ ಎಂದೂ ಬೇರೆಯಾಗಿರಲಿಲ್ಲ. ನಟಶಿಕ್ಷಣವು ಮಂಡಲಿಯನ್ನು ಬಿಟ್ಟು ಶಾಲೆಯನ್ನು ಸೇರಿದಾಗ ಆ ಸಂಬಂಧವು ಏನಾಯಿತೆಂಬುದನ್ನು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ಚರಿತ್ರೆಯು ಚೆನ್ನಾಗಿ ತೋರಿಸುತ್ತದೆ.

ಈ ಶಾಲೆಯು 1959ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಆಶ್ರಯದಲ್ಲಿ ಸ್ಥಾಪಿತವಾಯಿತು. 1975ರಲ್ಲಿ ಸ್ವತಂತ್ರ ಸಂಸ್ಥೆಯಾಯಿತು. ಇದಕ್ಕೆ ಸ್ಥಿರವಾದ ರೂಪವನ್ನು ಕೊಟ್ಟವರು 1962ರಿಂದ 1977ರವರೆಗೆ ನಿರ್ದೇಶಕರಾಗಿದ್ದ ಇಬ್ರಾಹಿಂ ಅಲ್ಕಾಜಿಯವರು. ಲಂಡನ್ನಿನಲ್ಲಿ ನಾಟ್ಯಶಿಕ್ಷಣವನ್ನು ಪಡೆದಿದ್ದ ಅವರು ಶಿಸ್ತನ್ನೇ ಶಿಕ್ಷಣದ ತಳಹದಿಯೆಂದು ಭಾವಿಸಿದರು. ಮೂರು ವರ್ಷಗಳ ವ್ಯಾಸಂಗದಲ್ಲಿ ಸ್ವರಸಾಧನೆ, ಅಂಗಸಾಧನೆ, ಅಭಿನಯಗಳೊಡನೆ ಸಂಸ್ಕೃತ ನಾಟಕ, ಪಾಶ್ಚಾತ್ಯ ನಾಟಕ, ಆಧುನಿಕ ಭಾರತೀಯ ನಾಟಕಗಳ ಅಧ್ಯಯನವೂ, ರಂಗಸಜ್ಜಿಕೆ, ವೇಷಭೂಷಣ, ಬೆಳಕು, ಪ್ರಸಾಧನಗಳ ಕೈಕೆಲಸವೂ ಸೇರಿದ್ದವು. 1964ರಲ್ಲಿ ಶಾಲೆಗೆ ಸೇರಿದ ವೃತ್ತಿಪರ ತಂಡವೂ ಏರ್ಪಟ್ಟಿತು.

ವಿದ್ಯಾರ್ಥಿಗಳು ನಾನಾ ಪ್ರಾಂತಗಳಿಂದ ಬರುತ್ತಿದ್ದರು. ಪ್ರಯೋಗಗಳಾದರೋ ಬಹುಮಟ್ಟಿಗೆ ಹಿಂದಿಯಲ್ಲಿಯೇ ನಡೆಯುತ್ತಿದ್ದವು. ಇದರಿಂದ ಲಾಭವಾಗಲಿಲ್ಲವೆನ್ನಲಾಗದು. ಗಿರೀಶ ಕಾರ್ನಾಡರು 1964ರಲ್ಲಿ ಕನ್ನಡದಲ್ಲಿ ಪ್ರಕಟಿಸಿದ ‘ತುಘಲಕ್’ ನಾಟಕವು ಬಿ. ವಿ. ಕಾರಂತರ ಹಿಂದೂಸ್ಥಾನಿ ಅನುವಾದದ ಮೂಲಕವೇ ದೆಹಲಿಯ ರಂಗವನ್ನೇರಿ ದೇಶದ ಗಮನವನ್ನು ಸೆಳೆಯಿತು. ಆದರೆ ಉಚ್ಚಾರಣೆಯ ಒತ್ತು, ವಾಕ್ಯದ ಲಯ, ಮಾತಿನೊಡನೆ ಚಲಿಸುವ ಹಸ್ತ ಇವು ಭಾಷೆಯಿಂದಲೇ ಹುಟ್ಟುವಂಥವು. ಪರಭಾಷೆಯಲ್ಲಿ ಸಾಧನೆಮಾಡಿದ ನಟನು ತನ್ನ ಊರಿಗೆ ಮರಳಿದ ಮೇಲೆ ಇವನ್ನು ಮತ್ತೆ ಕಲಿಯಬೇಕಾಗುವುದು.

ಈ ಕೊರತೆಯನ್ನು ಬಲ್ಲವರು ಅಲ್ಕಾಜಿಯವರ ತರುವಾಯ 1977ರಲ್ಲಿ ನಿರ್ದೇಶಕರಾದ ಕಾರಂತರು. ಅವರು ಬಾಲ್ಯದಲ್ಲಿ ಗುಬ್ಬಿ ವೀರಣ್ಣನವರ ಮಂಡಲಿಯಲ್ಲಿ ಬೆಳೆದವರು, ಬಳಿಕ ಇದೇ ಶಾಲೆಯಲ್ಲಿ ಕಲಿತವರು; ಎರಡು ಬಗೆಯ ಶಿಕ್ಷಣವೂ ಅವರಲ್ಲಿ ಕೂಡಿದ್ದಿತು. 1979ರಲ್ಲಿ ಅವರು ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ನಾಟಕವನ್ನು ‘ಬರ್ನಮ್ ವನ’ವೆಂಬ ಹೆಸರಿನಿಂದ ಯಕ್ಷಗಾನದ ಗತಿಯಲ್ಲಿ ಆಡಿಸಿದರು. ಮಾತು ಹಿಂದಿಯದಾದರೂ ಹೆಜ್ಜೆಯು ಕರಾವಳಿಯದಾಗಿದ್ದಿತು. ಪ್ರಾಂತೀಯ ರಂಗಸಂಪ್ರದಾಯವು ಅಲಂಕಾರವಲ್ಲ, ಶಿಕ್ಷಣದ ಸಾಮಗ್ರಿ ಎಂಬುದು ಇದರಿಂದ ಸ್ಪಷ್ಟವಾಯಿತು.

ಆದರೂ ಭಾಷೆಯ ಪ್ರಶ್ನೆಗೆ ಪೂರ್ಣವಾದ ಉತ್ತರವು ದೆಹಲಿಯಲ್ಲಿ ದೊರೆಯುವಂತಿರಲಿಲ್ಲ. 1949ರಲ್ಲಿ ಹೆಗ್ಗೋಡಿನಲ್ಲಿ ಹುಟ್ಟಿದ ನೀಲಕಂಠೇಶ್ವರ ನಾಟ್ಯಸೇವಾ ಸಂಘವು 1980ರಲ್ಲಿ ಕೆ. ವಿ. ಸುಬ್ಬಣ್ಣನವರ ನೇತೃತ್ವದಲ್ಲಿ ರಂಗಶಿಕ್ಷಣ ಕೇಂದ್ರವನ್ನು ತೆರೆದು ಕನ್ನಡದಲ್ಲಿಯೇ ಪಾಠವನ್ನು ಆರಂಭಿಸಿತು. ದೆಹಲಿಯ ಶಾಲೆಯಲ್ಲಿ ಕಲಿತ ಸಿ. ಆರ್. ಜಂಬೆಯವರು ಅಲ್ಲಿ ಪ್ರಾಚಾರ್ಯರಾದರು. 1985ರಲ್ಲಿ ಮೊದಲಾದ ‘ತಿರುಗಾಟ’ವು ಶಿಕ್ಷಿತ ನಟರನ್ನು ಹಳೆಯ ಮಂಡಲಿಗಳಂತೆ ಊರೂರಿಗೆ ಕರೆದೊಯ್ದಿತು. 1989ರಲ್ಲಿ ಮೈಸೂರಿನಲ್ಲಿ ಕಾರಂತರೇ ರಂಗಾಯಣವನ್ನು ಕಟ್ಟಿದರು.

ಹೀಗೆ ನೋಡಿದರೆ, ರಾಷ್ಟ್ರೀಯ ನಾಟಕ ಶಾಲೆಯ ಹಿರಿಮೆಯನ್ನು ಅಲ್ಲಿ ತಯಾರಾದ ಪ್ರಸಿದ್ಧ ನಟರ ಸಂಖ್ಯೆಯಿಂದ ಮಾತ್ರ ಅಳೆಯುವುದು ಯುಕ್ತವಲ್ಲ. ಕ್ರಮವನ್ನು ಅದು ಕಲಿಸಿತು. ಆ ಕ್ರಮಕ್ಕೆ ನುಡಿಯ ಜೀವವನ್ನು ತುಂಬುವ ಹೊಣೆಯು ಆಯಾ ಭಾಷೆಯ ರಂಗಭೂಮಿಗೆ ಸೇರಿತು. ಕನ್ನಡವು ಆ ಹೊಣೆಯನ್ನು ಹೊತ್ತಿತು.