ಗ್ಯಾರೇಜಿನ ಕಾಂಕ್ರೀಟ್ ನೆಲ ಮತ್ತು ವಾಹನ ಲಿಫ್ಟ್

ವಾಹನ ಲಿಫ್ಟ್ ಎಂಬುದು ಕಾರು, ಜೀಪು ಮೊದಲಾದವುಗಳನ್ನು ದುರಸ್ತಿಗಾಗಿ ಮೇಲಕ್ಕೆತ್ತಿ ಹಿಡಿಯುವ ಯಂತ್ರ. ಕೆಲಸಗಾರನು ಎತ್ತಿದ ವಾಹನದ ಕೆಳಗೆ ನಿಲ್ಲುವುದರಿಂದ ನೆಲದ ದೃಢತೆಯು ಅವನ ಪ್ರಾಣರಕ್ಷಣೆಯ ವಿಷಯವಾಗಿದೆ. ನೆಲವು ಲಿಫ್ಟನ್ನು ತಾಳಬಲ್ಲದೇ ಎಂಬುದು ಕಾಂಕ್ರೀಟಿನ ದಪ್ಪ, ಅದರ ಬಲ ಹಾಗೂ ಅಡಿಯ ಮಣ್ಣನ್ನು ಅವಲಂಬಿಸಿದೆ. ಎರೆಮಣ್ಣು ವ್ಯಾಪಕವಾಗಿರುವ ಯಾದಗಿರಿ ಜಿಲ್ಲೆಯಲ್ಲಿ ಮಣ್ಣಿನ ಪಾತ್ರ ದೊಡ್ಡದು.

ಭಾರದ ಸ್ವರೂಪ

2 ಟನ್ ತೂಕದ ವಾಹನವನ್ನು ಎತ್ತಿದಾಗ, ಲಿಫ್ಟಿನ ಸ್ವಂತ ತೂಕವನ್ನು ಬಿಟ್ಟು, ನಾಲ್ಕು ಕಂಬಗಳ ಲಿಫ್ಟಿನಲ್ಲಿ ಪ್ರತಿ ಕಂಬಕ್ಕೆ ಸರಾಸರಿ ಅರ್ಧ ಟನ್, ಎರಡು ಕಂಬಗಳ ಲಿಫ್ಟಿನಲ್ಲಿ 1 ಟನ್ ಭಾರ ಬೀಳುತ್ತದೆ. ಎರಡು ಕಂಬಗಳ ಲಿಫ್ಟಿನಲ್ಲಿ ವಾಹನವು ಚಾಚಿದ ತೋಳುಗಳ ಮೇಲಿರುವುದರಿಂದ ಕಂಬಗಳು ಒಳಕ್ಕೆ ವಾಲತೊಡಗುತ್ತವೆ. ಅದನ್ನು ತಡೆಯುವ ಬೋಲ್ಟುಗಳು ನೆಲವನ್ನು ಮೇಲಕ್ಕೆಳೆಯುತ್ತವೆ. ಕಾಂಕ್ರೀಟು ಒತ್ತಡವನ್ನು ಚೆನ್ನಾಗಿ ತಾಳುತ್ತದೆ. ಎಳೆತವನ್ನು ತಾಳುವ ಶಕ್ತಿ ಅದರ ಸುಮಾರು ಹತ್ತನೇ ಒಂದು ಭಾಗ ಮಾತ್ರ. ಆದ್ದರಿಂದ ಲಾರಿ ನಿಂತರೂ ಬಿರುಕು ಬಿಡದ ನೆಲವು ಲಿಫ್ಟಿಗೂ ತಕ್ಕುದೆಂದು ಹೇಳಲಾಗದು.

ದಪ್ಪ ಮತ್ತು ಬಲ

ಎರಡು ಕಂಬಗಳ ಲಿಫ್ಟಿಗೆ ತಯಾರಕರು ಸಾಮಾನ್ಯವಾಗಿ ಕನಿಷ್ಠ 100ರಿಂದ 150 ಮಿ.ಮೀ. ದಪ್ಪದ ಕಾಂಕ್ರೀಟನ್ನು ಕೇಳುತ್ತಾರೆ. ಭಾರಿ ಲಿಫ್ಟುಗಳಿಗೆ ಇನ್ನೂ ಹೆಚ್ಚು ಬೇಕು. ನಿಖರ ಅಳತೆಗೆ ಆಯಾ ಯಂತ್ರದ ಕೈಪಿಡಿಯೇ ಆಧಾರ. ಭಾರತೀಯ ಮಾನಕ ಐಎಸ್ 456:2000ರಲ್ಲಿ ಎಂ20 ದರ್ಜೆಯೆಂದರೆ 28 ದಿನಗಳಲ್ಲಿ ಪ್ರತಿ ಚದರ ಮಿ.ಮೀ.ಗೆ 20 ನ್ಯೂಟನ್ ಒತ್ತಡ ತಾಳುವ ಕಾಂಕ್ರೀಟು. ಕಬ್ಬಿಣ ಸೇರಿದ ಕಾಂಕ್ರೀಟಿಗೆ ಇದು ಕನಿಷ್ಠ ದರ್ಜೆ. ಈ ಭಾಗದಲ್ಲಿ ಬಳಕೆಯಲ್ಲಿರುವ ಶಹಾಬಾದ್ ಫರ್ಸಿಕಲ್ಲು, ಅದರಡಿಯ ಗಾರೆ ದಪ್ಪದ ಲೆಕ್ಕಕ್ಕೆ ಬರುವುದಿಲ್ಲ. ಕಂಬ ನಿಲ್ಲುವಲ್ಲಿ ಅವನ್ನು ತೆಗೆದು ಕಾಂಕ್ರೀಟಿಗೇ ಬೋಲ್ಟು ಹಾಕಬೇಕು.

ಸ್ಥಳೀಯ ಮಣ್ಣು

ಎರೆಮಣ್ಣು ಮಳೆಗಾಲದಲ್ಲಿ ನೀರು ಹೀರಿ ಉಬ್ಬುತ್ತದೆ. ಬೇಸಿಗೆಯಲ್ಲಿ ಕುಗ್ಗಿ ಬಾಯ್ಬಿಡುತ್ತದೆ. ಇದರಿಂದ ನೆಲದಡಿ ಪೊಳ್ಳು ಉಂಟಾಗಿ ಕಾಂಕ್ರೀಟು ಸೀಳುತ್ತದೆ. ಶಹಾಪುರ, ಸುರಪುರ ಭಾಗದ ಹೊಲಗಳಿಗೆ ನಾರಾಯಣಪುರದ ಬಸವಸಾಗರ ಜಲಾಶಯದ ಎಡದಂಡೆ ಕಾಲುವೆಯ ನೀರು ಹರಿಯುತ್ತದೆ. ಇಂಥ ನೀರಾವರಿ ಭೂಮಿಯ ಅಂಚಿನಲ್ಲಿ ಮಳೆಯಿಲ್ಲದಾಗಲೂ ಮಣ್ಣಿನ ತೇವ ಬದಲಾಗಬಹುದು. ಯಾದಗಿರಿ, ಶಹಾಪುರ, ಸುರಪುರ ಮೂರೂ ಕಲ್ಲುಬೆಟ್ಟಗಳ ಮಗ್ಗುಲಿನ ಪಟ್ಟಣಗಳು. ಬೆಟ್ಟದ ಬುಡದ ಗಟ್ಟಿನೆಲಕ್ಕೂ ಬಯಲಿನ ಎರೆಗೂ ವ್ಯತ್ಯಾಸವಿರುವುದರಿಂದ ಒಂದು ಗ್ಯಾರೇಜಿನ ಅನುಭವ ಇನ್ನೊಂದಕ್ಕೆ ಪ್ರಮಾಣವಾಗದು.

ಪರಿಶೀಲನೆ ಮತ್ತು ಪರಿಹಾರ

ನೆಲಕ್ಕೆ ಸಣ್ಣ ರಂಧ್ರ ಕೊರೆದು ದಪ್ಪವನ್ನು ಅಳೆಯಬಹುದು. ತಟ್ಟಿದಾಗ ಟೊಳ್ಳು ಸದ್ದು ಬಂದರೆ ಅಡಿಯಲ್ಲಿ ಪೊಳ್ಳಿರುವ ಸಾಧ್ಯತೆಯಿದೆ. ಬಿರುಕು, ಅಂಚು ಹಾಗೂ ಕೂಡುಗೆರೆಗಳ ಸಮೀಪ ಬೋಲ್ಟು ಹಾಕಬಾರದು. ನೆಲ ಸಾಲದಿದ್ದಲ್ಲಿ ಕಂಬಗಳ ಜಾಗವನ್ನು ಕತ್ತರಿಸಿ, ಎರೆಮಣ್ಣನ್ನು ತೆಗೆದು, ಗರಸನ್ನು ಪದರಪದರವಾಗಿ ದಮ್ಮಸ್ಸು ಮಾಡಿ, ಕಬ್ಬಿಣದ ಸರಳುಗಳಿರುವ ಹೊಸ ಕಾಂಕ್ರೀಟು ಹಾಕುವುದು ರೂಢಿ. ಅಗೆತದ ಆಳ ಮತ್ತು ಸರಳುಗಳ ಪ್ರಮಾಣವನ್ನು ಮಣ್ಣು ನೋಡಿ ಸಿವಿಲ್ ಎಂಜಿನಿಯರ್ ನಿರ್ಧರಿಸಬೇಕು. ಹೊಸ ಕಾಂಕ್ರೀಟಿಗೆ ನೀರುಣಿಸಿ, 28 ದಿನ ಕಳೆದ ಮೇಲೆ ಲಿಫ್ಟ್ ಕೂರಿಸುವುದು ಕ್ಷೇಮ.